ತೂಕ ಎಲ್ಲಿ ಹೋಯ್ತು?

1/10

ಮೊದಲನೇ ಫೋಟೊ ನೋಡಿದ್ರಲ್ಲ, ಎರಡು ಹೋಳಾದ ಅಲಾಯ್ ವೀಲ್. ಇದನ್ನ ಸ್ಟೋರಿಗೆ ಹಾಕಿದ ದಿನದಿಂದ ಡಿಎಂನಲ್ಲಿ ಒಂದೇ ಪ್ರಶ್ನೆ: "ಇಷ್ಟು ಚೆಂದದ್ದನ್ನ ಯಾಕ್ರೀ ಕಟ್ ಮಾಡಿದ್ರಿ?" ಒಂದು ಸಾಲಲ್ಲಿ ಹೇಳೋಕೆ ಆಗಲ್ಲ. ಹತ್ತು ಪೋಸ್ಟ್ ಆಗುತ್ತೆ. ಬಸ್ಸಲ್ಲಿ ಕೂತು ಓದ್ಕೊಳ್ಳಿ, ನಾನೂ ಬಸ್ಸಲ್ಲೇ ಬರೆದಿದ್ದು.

ನನ್ನ ಗೊತ್ತಿಲ್ಲದವರಿಗೆ: ಮನೆ ಭದ್ರಾವತಿ ನ್ಯೂಟೌನ್ ಹತ್ರ, ಓದೋದು ಶಿವಮೊಗ್ಗದಲ್ಲಿ ಬಿಕಾಂ. ಕಾರಿನ ಹುಚ್ಚು ನನ್ನದಲ್ಲ, ಅಣ್ಣನದ್ದು. ಅವನು ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ ಟಿಎಸ್ಐ ತಗೊಂಡ, 2018ರ ಮಾಡೆಲ್. 1.2 ಲೀಟರ್ ಟರ್ಬೊ ಎಂಜಿನ್, 105 ಪಿಎಸ್. ಸ್ಪೋರ್ಟ್ಸ್ ಕಾರ್ ಅಂದ ಕೂಡ್ಲೇ ಕೆಂಪು ಫೆರಾರಿ ಕಣ್ಮುಂದೆ ಬರೋರು ಕ್ಷಮಿಸಿ. ನಮ್ಮಂಥ ಮನೆಯವರ ಸ್ಪೋರ್ಟ್ಸ್ ಕಾರ್ ಇದೇ.

ವರ್ಷಕ್ಕೆ ಎರಡು ಮೂರು ಸಲ ಅವನು ಕೊಯಮತ್ತೂರಿಗೆ ಹೋಗ್ತಾನೆ. ಅಲ್ಲಿ ಚೆಟ್ಟಿಪಾಳ್ಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ರೇಸರ್ ಎಸ್. ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್, ಒಂದು ಸುತ್ತು ಸುಮಾರು 2.1 ಕಿಲೋಮೀಟರ್. ದುಡ್ಡು ಕಟ್ಟಿದ್ರೆ ನಮ್ಮ ಕಾರನ್ನೇ ಅಲ್ಲಿ ಓಡಿಸಬಹುದು. ರಸ್ತೆ ಮೇಲೆ ಹುಚ್ಚಾಟ ಆಡೋದಕ್ಕಿಂತ ಇದು ಎಷ್ಟೋ ವಾಸಿ ಅಂತ ಅಪ್ಪನೂ ಕೊನೆಗೆ ಒಪ್ಪಿಕೊಂಡಿದ್ರು. ಹಾಗೆ ಒಪ್ಪಿಕೊಂಡ ಮೇಲೆ ನಡೆದ ಕಥೆ ಇದು.

2/10

ಆಯುಧಪೂಜೆಗೆ ಅಣ್ಣ ಕಾರ್ ತಗೊಂಡು ಊರಿಗೆ ಬಂದ. ಹೊಸ ಅವತಾರ! ಹದಿನೇಳು ಇಂಚಿನ ಕಪ್ಪು ಅಲಾಯ್, ಆರು ಕಡ್ಡಿ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಸೆಟ್ ಅಂತೆ. "ಲೈಟ್‌ವೇಟ್, ಟ್ರ್ಯಾಕ್ ಸ್ಪೆಕ್" ಅಂತ ಹೇಳಿ ಕೊಟ್ಟಿದ್ರಂತೆ. ಮುಂದಿನ ಶನಿವಾರ ಇದರಲ್ಲೇ ಟ್ರ್ಯಾಕಿಗೆ ಹೋಗೋ ಪ್ಲಾನ್.

ಬೆಳಿಗ್ಗೆ ಕಾರ್ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿದ್ವಿ. ಒಳಗಡೆ ಕೆಸರು ಹೋಗ್ತಿಲ್ಲ ಅಂತ ಅಣ್ಣ ಎಡಗಡೆ ಮುಂದಿನ ಚಕ್ರ ಬಿಚ್ಚಿ ಅಂಗಳದಲ್ಲಿ ಮಲಗಿಸಿದ್ದ. ಅಜ್ಜ ಜಗಲಿ ಮೇಲೆ ಕೂತು ಎಲ್ಲ ನೋಡ್ತಿದ್ರು. ಅಜ್ಜ ವಿಐಎಸ್ಎಲ್ ಫೋರ್ಜ್ ಶಾಪ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮೆಲ್ಲಗೆ ಎದ್ದು ಬಂದು ಪೂಜೆಗೆ ಇಟ್ಟಿದ್ದ ಸ್ಪ್ಯಾನರ್ ತಗೊಂಡು ರಿಮ್ಮಿಗೆ ಒಂದು ತಟ್ಟಿದ್ರು. ಸ್ವಲ್ಪ ತಿರುಗಿಸಿ ಇನ್ನೊಂದು. ಮತ್ತೊಂದು.

"ಸದ್ದು ಸರಿ ಇಲ್ಲ ಮಾರಾಯ," ಅಂದ್ರು.

"ಅಜ್ಜ, ಟೈರ್ ಇದೆ ಅಲ್ವಾ, ಅದಕ್ಕೆ ಹಾಗೆ ಕೇಳುತ್ತೆ," ಅಂತ ಅಣ್ಣ ನಕ್ಕ.

"ಟೈರ್ ಸುತ್ತಲೂ ಇದೆ. ಸದ್ದು ಒಂದು ಕಡೆ ಮಾತ್ರ ಸತ್ತಿದೆ."

ಹಿಂದೆಲ್ಲ ರೈಲ್ವೆಯಲ್ಲಿ ಸ್ಟೇಷನ್‌ನಲ್ಲಿ ಗಾಡಿ ನಿಂತಾಗ ಒಬ್ಬರು ಸುತ್ತಿಗೆ ಹಿಡಿದು ಗಾಲಿಗಳನ್ನ ತಟ್ಟಿಕೊಂಡು ಹೋಗ್ತಿದ್ರಂತೆ. ಗಟ್ಟಿ ಗಾಲಿ ಗಂಟೆ ಥರ ಕೇಳುತ್ತೆ, ಬಿರುಕು ಬಿಟ್ಟಿದ್ದು ಒಡೆದ ಮಡಕೆ ಥರ. ಅಜ್ಜನಿಗೆ ಆ ಅಭ್ಯಾಸ ಇನ್ನೂ ಹೋಗಿಲ್ಲ, ತೆಂಗಿನಕಾಯಿ ತಂದ್ರೂ ಹಾಗೇ ತಟ್ಟಿ ನೋಡ್ತಾರೆ.

ಅಪ್ಪ ಹತ್ರ ಬಂದು ಬಗ್ಗಿ ನೋಡಿದ್ರು. ಒಳಗಡೆ ಬಣ್ಣ ಮುಂಭಾಗಕ್ಕಿಂತ ಹೊಸದಾಗಿತ್ತು. "ಹೊರಗಡೆ ಹಳೇ ಬಣ್ಣ, ಒಳಗಡೆ ಹೊಸ ಬಣ್ಣ. ಯಾರಿಗೂ ಕಾಣದ ಜಾಗಕ್ಕೆ ಯಾರಾದ್ರೂ ಬಣ್ಣ ಹೊಡೀತಾರಾ?" ಅಂದ್ರು. ಯಾರೂ ಉತ್ತರ ಕೊಡ್ಲಿಲ್ಲ. ಆವತ್ತು ಆ ಚಕ್ರದ ಕೆಳಗೆ ನಿಂಬೆಹಣ್ಣು ಇಡ್ಲಿಲ್ಲ.

3/10

ಅಪ್ಪನ ಬಗ್ಗೆ ಎರಡು ಮಾತು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಬರುತ್ತಲ್ಲ, ಅಲ್ಲಿನ ಒಂದು ಫೌಂಡ್ರಿಯಲ್ಲಿ ಅವರು ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದಾರೆ. ಎರಕ ಹೊಯ್ದ ಪಾರ್ಟ್ ಲಾರಿಗೆ ಹೋಗೋ ಮುಂಚೆ ಅದರಲ್ಲಿ ತೂತು, ಬಿರುಕು ಇದೆಯಾ ಅಂತ ನೋಡೋದೇ ಕೆಲಸ. ರಜೆ ಮುಗಿದ ದಿನ ಸಂಜೆ, ಸೂಪರ್‌ವೈಸರ್‌ಗೆ ಹೇಳಿ ಮೂರು ಸ್ಪ್ರೇ ಡಬ್ಬಿ ತಗೊಂಡು ಬಂದ್ರು. ಇದಕ್ಕೆ ಡೈ ಪೆನೆಟ್ರಂಟ್ ಟೆಸ್ಟ್ ಅಂತಾರೆ. ಮೂರನೇ ಫೋಟೊ ಅದೇ.

ಟೈರ್ ಬಿಚ್ಚಿಸಿಕೊಂಡು ಬಂದು, ಅನುಮಾನ ಇದ್ದ ಜಾಗದ ಬಣ್ಣ ತೆಗೆದ್ರು. ಮೊದಲನೇ ಡಬ್ಬಿಯಿಂದ ಚೆನ್ನಾಗಿ ಕ್ಲೀನ್. ಎರಡನೇದು ಕಡುಕೆಂಪು ದ್ರವ, ಅದನ್ನ ಹೊಡೆದು ಹದಿನೈದು ನಿಮಿಷ ಕಾಯಬೇಕು. ಕಣ್ಣಿಗೆ ಕಾಣದ ಬಿರುಕಿದ್ರೆ ಆ ಕೆಂಪು ಒಳಗೆ ಇಳಿಯುತ್ತೆ. ಆಮೇಲೆ ಬಟ್ಟೆಯಲ್ಲಿ ಮೇಲಿನ ಬಣ್ಣ ಪೂರ್ತಿ ಒರೆಸಬೇಕು. ನೇರ ಕ್ಲೀನರ್ ಹೊಡೆದ್ರೆ ಬಿರುಕಿನೊಳಗಿಂದಲೂ ತೊಳೆದು ಹೋಗುತ್ತೆ, ಅದಕ್ಕೇ ಬಟ್ಟೆಗೆ ಹಾಕ್ಕೊಂಡು ಒರೆಸೋದು. ಕೊನೆಗೆ ಮೂರನೇ ಡಬ್ಬಿ, ಸುಣ್ಣದ ಥರ ಬಿಳಿ ಪುಡಿ. ಒಳಗೆ ಅಡಗಿದ ಕೆಂಪನ್ನ ಅದು ಹೀರಿಕೊಂಡು ಹೊರಗೆ ತೋರಿಸುತ್ತೆ.

ಎರಡು ನಿಮಿಷ ಏನೂ ಇಲ್ಲ. ಅಣ್ಣನ ಮುಖದಲ್ಲಿ ನಗು ಬರೋಕೆ ಶುರುವಾಗಿತ್ತು. ಆಮೇಲೆ ಕಡ್ಡಿಯ ಹಿಂಭಾಗ, ಒಳಗಿನ ಗೋಡೆಯಲ್ಲಿ ಒಂದು ಗುಲಾಬಿ ಚುಕ್ಕೆ. ನೋಡ್ತಾ ನೋಡ್ತಾ ಅದು ಗೆರೆ ಆಯ್ತು. ನನ್ನ ಕಿರುಬೆರಳಿನಷ್ಟು ಉದ್ದದ ಕೆಂಪು ಗೆರೆ.

ಯಾರೂ ಮಾತಾಡ್ಲಿಲ್ಲ. ಅಮ್ಮ ಒಳಗಿಂದ ಬಂದು ನೋಡಿ, "ಇದರಲ್ಲೇ ಬೆಂಗಳೂರಿಂದ ಬಂದ್ಯಾ?" ಅಂತ ಮಾತ್ರ ಕೇಳಿದ್ರು. ಮುಂದಿನ ಶನಿವಾರ ಅದೇ ಎಡಗಡೆ ಮುಂದಿನ ಚಕ್ರ, ಬಲಕ್ಕೆ ತಿರುಗೋ ಪ್ರತಿ ತಿರುವಲ್ಲೂ ಕಾರಿನ ಭಾರ ಹೊರಬೇಕಿತ್ತು. ಅಣ್ಣ ಎದ್ದು ಹಿತ್ತಲಿಗೆ ಹೋದ. ತುಂಬ ಹೊತ್ತು ಬರ್ಲಿಲ್ಲ.

4/10

ಆ ರಾತ್ರಿ ಊಟಕ್ಕೆ ಅಕ್ಕಿ ರೊಟ್ಟಿ. ನಾನು ಕೇಳಿದೆ, "ಅಲ್ಲ, ಅಷ್ಟು ದಪ್ಪ ಇರೋ ಲೋಹ ಹೇಗೆ ಒಡೆಯುತ್ತೆ?" ಅಪ್ಪ, ಅಜ್ಜ ಇಬ್ಬರೂ ಒಟ್ಟಿಗೆ ಶುರು ಮಾಡಿದ್ರು. ನಮ್ಮನೇಲಿ ಒಬ್ಬರು ಎರಕದವರು, ಇನ್ನೊಬ್ಬರು ಬಡಿದು ಮಾಡೋರು. ಜಗಳ ಹಳೇದು.

ನನಗೆ ಅರ್ಥ ಆಗಿದ್ದು ಅಡುಗೆಮನೆ ಭಾಷೆಯಲ್ಲಿ. ಎರಕದ ಅಲಾಯ್ ಅಂದ್ರೆ ಇಡ್ಲಿ. ಕರಗಿದ ಅಲ್ಯೂಮಿನಿಯಂ ಅಚ್ಚಿಗೆ ಹೊಯ್ದು ಆರಿಸೋದು. ಆರೋವಾಗ ಒಳಗೆ ಸಣ್ಣ ಸಣ್ಣ ಗುಳ್ಳೆ, ತೂತು ಉಳಿಯಬಹುದು. ಅದಕ್ಕೇ ಬಲ ಬರಲಿ ಅಂತ ದಪ್ಪ ಇಡ್ತಾರೆ, ದಪ್ಪ ಇಟ್ಟಾಗ ತೂಕ ಬರುತ್ತೆ. ಫೋರ್ಜ್ಡ್ ಅಂದ್ರೆ ರೊಟ್ಟಿ. ಬಿಸಿ ಹಿಟ್ಟನ್ನ ನಾದಿ ನಾದಿ ಒತ್ತಿದ ಹಾಗೆ, ಬಿಸಿ ಅಲ್ಯೂಮಿನಿಯಂ ಗಟ್ಟಿಯನ್ನ ಸಾವಿರಾರು ಟನ್ ಪ್ರೆಸ್ಸಲ್ಲಿ ಒತ್ತಿ ಆಕಾರಕ್ಕೆ ತರೋದು. ಒಳಗೆ ಗುಳ್ಳೆ ಉಳಿಯಲ್ಲ, ಲೋಹದ ಎಳೆ ಆಕಾರದ ಜೊತೆಗೇ ಹರಿಯುತ್ತೆ. ಕಡಿಮೆ ಲೋಹದಲ್ಲೇ ಅಷ್ಟೇ ಬಲ. ನಡುವೆ ಫ್ಲೋ ಫಾರ್ಮ್ಡ್ ಅಂತ ಒಂದಿದೆ. ಮೊದಲು ಎರಕ ಹೊಯ್ದು, ಆಮೇಲೆ ಸುತ್ತಿನ ಗೋಡೆಯನ್ನ ಬಿಸಿ ಮಾಡಿ, ತಿರುಗಿಸ್ತಾ ರೋಲರ್‌ನಲ್ಲಿ ಒತ್ತಿ ತೆಳ್ಳಗೆ ಎಳೆಯೋದು. ಮುಖ ಇಡ್ಲಿ, ಅಂಚು ಲಟ್ಟಣಿಗೆಯಲ್ಲಿ ಲಟ್ಟಿಸಿದ್ದು!

ಇಷ್ಟೂ ವಿಧಕ್ಕೆ ಕೊನೆಗೆ ಟಿ6 ಅನ್ನೋ ಹದ ಕೊಡೋದುಂಟು. ಜೋರಾಗಿ ಕಾಯಿಸಿ, ತಣಿಸಿ, ಮತ್ತೆ ಮೆಲ್ಲಗೆ ಕಾಯಿಸಿ ಬಲ ತರೋದು. ಗುಂಡಿಗೆ ಬಿದ್ದು ಸೊಟ್ಟಗಾದ ವೀಲನ್ನ ಬೆಂಕಿ ಇಟ್ಟು ಬಡಿದು ನೆಟ್ಟಗೆ ಮಾಡಿದ್ರೆ ಆ ಹದ ಅಲ್ಲೇ ಹೋಯ್ತು. ನಮ್ಮ ವೀಲಿಗೆ ಆಗಿದ್ದು ಅದೇ ಅಂತ ಅಪ್ಪನ ಅಂದಾಜು. ಮೇಲಿನ ಹೊಸ ಬಣ್ಣ ಅದನ್ನ ಮುಚ್ಚೋಕೆ.

ಅಜ್ಜ ಕೈ ತೊಳೆದು ಬಂದು ಒಂದು ಮಾತು ಹೇಳಿದ್ರು. ಈ ಸೀರೀಸಿನ ಹೆಸರು ಅಲ್ಲಿಂದಲೇ ಬಂದಿದ್ದು. "ಹಗುರ ಅಂತ ಯಾರಾದ್ರೂ ಮಾರಿದ್ರೆ ಒಂದೇ ಪ್ರಶ್ನೆ ಕೇಳಬೇಕು. ತೂಕ ಎಲ್ಲಿ ಹೋಯ್ತು? ಕೆಲಸದಲ್ಲಿ ಹೋಯ್ತಾ, ಕದ್ದಿದ್ದರಲ್ಲಿ ಹೋಯ್ತಾ?"

5/10

ಟ್ರ್ಯಾಕ್ ಕ್ಯಾನ್ಸಲ್. ಮೂಲ ಹದಿನೈದು ಇಂಚಿನ ಅಲಾಯ್ ಅಣ್ಣ ಮಾರಿರ್ಲಿಲ್ಲ, ಪುಣ್ಯ. ಅದನ್ನೇ ಹಾಕ್ಕೊಂಡು ಬೆಂಗಳೂರಿಗೆ ಹೋದ. ಹೋಗೋ ಮುಂಚೆ ನನಗೆ ಒಂದು ಕೆಲಸ ಕೊಟ್ಟ: "ಪುಟ್ಟಿ, ಈ ಸಲ ನಾನೇ ಡಿಸೈಡ್ ಮಾಡಲ್ಲ. ಎರಡು ಲಕ್ಷ ಇಟ್ಟಿದ್ದೀನಿ. ನೀನು ಎಕ್ಸೆಲ್ ಮಾಡು."

ನಾನು ರೀಲ್ಸ್ ನೋಡೋಕೆ ಶುರು ಮಾಡಿದೆ. ಮೊದಲ ದಿನವೇ ಸಿಕ್ಕ ಜ್ಞಾನ: "ಚಕ್ರದಲ್ಲಿ ಒಂದು ಕೆಜಿ ಕಮ್ಮಿ ಮಾಡಿದ್ರೆ ಬಾಡಿಯಲ್ಲಿ ಹತ್ತು ಕೆಜಿ ಕಮ್ಮಿ ಮಾಡಿದ ಹಾಗೆ!" ಕೇಳೋಕೆ ಎಷ್ಟು ಚೆಂದ. ನಾನು ಪಿಯುಸಿಯಲ್ಲಿ ಕಾಮರ್ಸ್, ಫಿಸಿಕ್ಸ್ ಬಿಟ್ಟು ಓಡಿ ಬಂದವಳು. ಪಕ್ಕದ್ಮನೆ ಎಂಜಿನಿಯರಿಂಗ್ ಹುಡುಗಿಯನ್ನ ಹಿಡಿದು ಕೂರಿಸಿದೆ. ಅವಳು ಹೇಳಿದ್ದು ಇಷ್ಟು.

ಚಕ್ರ ಎರಡು ಕೆಲಸ ಮಾಡುತ್ತೆ. ಕಾರಿನ ಜೊತೆ ಮುಂದಕ್ಕೆ ಹೋಗುತ್ತೆ, ತನ್ನಷ್ಟಕ್ಕೆ ತಿರುಗುತ್ತೆ. ಎರಡಕ್ಕೂ ಶಕ್ತಿ ಬೇಕು. ಆ ಒಂದು ಕೆಜಿ ಪೂರ್ತಿ ಟೈರಿನ ಹೊರ ಅಂಚಲ್ಲೇ ಇದ್ರೆ ಅದರ ಪರಿಣಾಮ ಎರಡು ಕೆಜಿಯಷ್ಟು. ಅದಕ್ಕಿಂತ ಜಾಸ್ತಿ ಆಗೋಕೆ ಸಾಧ್ಯವೇ ಇಲ್ಲ. ರಿಮ್ ಟೈರಿಗಿಂತ ಒಳಗಿರೋದ್ರಿಂದ ಒಂದು ಕೆಜಿಗೆ ಹೆಚ್ಚೆಂದ್ರೆ 1.4 ಕೆಜಿ ಲೆಕ್ಕ. ಹತ್ತು ಎಲ್ಲಿ, ಒಂದೂವರೆಗೂ ಕಮ್ಮಿ ಎಲ್ಲಿ!

ಹಾಗಂದ್ರೆ ಹಗುರ ಚಕ್ರ ಸುಳ್ಳಾ? ಅಲ್ಲ. ಅಸಲಿ ಲಾಭ ಬೇರೆ ಕಡೆ ಇದೆ. ಚಕ್ರ, ಟೈರ್, ಬ್ರೇಕ್ ಇವು ಸ್ಪ್ರಿಂಗಿನ ಕೆಳಗಿರೋ ತೂಕ. ಉಬ್ಬು ತಗ್ಗು ಬಂದಾಗ ಭಾರದ ಚಕ್ರ ಹಾರಿ ಕೆಳಗೆ ಬರೋಕೆ ಹೊತ್ತು ತಗೊಳ್ಳುತ್ತೆ, ಅಷ್ಟು ಹೊತ್ತು ಟೈರಿಗೆ ನೆಲದ ಹಿಡಿತ ಕಮ್ಮಿ. ಹಗುರ ಚಕ್ರ ಬೇಗ ನೆಲ ಮುಟ್ಟುತ್ತೆ. ತಿರುವಿನಲ್ಲಿ ಅಂಚಿನ ಕರ್ಬ್ ಹತ್ತಿ ಇಳಿದಾಗ ಡ್ರೈವರ್‌ಗೆ ಗೊತ್ತಾಗೋದು ಇದೇ. ಒಟ್ಟಲ್ಲಿ ಲಾಭ ನಿಜ, ರೀಲ್ಸ್ ಹೇಳಿದಷ್ಟಲ್ಲ.

6/10

ಈಗ ತೂಕ. ಪರಿಚಯದವರ ಮನೆಯಿಂದ ಅಡಿಕೆ ತೂಗೋ ಡಿಜಿಟಲ್ ತಕ್ಕಡಿ ತಂದು, ಮಾವಿನ ಮರದ ಕೊಂಬೆಗೆ ಕಟ್ಟಿ, ಟೈರ್ ಇಲ್ಲದ ಅಲಾಯ್ ನೇತು ಹಾಕಿದ್ವಿ (ಆರನೇ ಫೋಟೊ, ಹಿಂದೆ ನಗ್ತಿರೋದು ಅಮ್ಮ).

ಮೂಲ ಹದಿನೈದು ಇಂಚಿನದು: 7.9 ಕೆಜಿ.
"ಲೈಟ್‌ವೇಟ್" ಅಂತ ಕೊಟ್ಟ ಹದಿನೇಳು ಇಂಚಿನದು: 10.4 ಕೆಜಿ.

ನಾಲ್ಕು ಚಕ್ರಕ್ಕೆ ಹತ್ತು ಕೆಜಿ ಜಾಸ್ತಿ. ಅಂದ್ರೆ ದುಡ್ಡು ಕೊಟ್ಟು ಒಂದು ಚಿಕ್ಕ ಅಕ್ಕಿ ಚೀಲ ಕಾರಿಗೆ ಕಟ್ಟಿಸಿಕೊಂಡು ಬಂದಿದ್ದ ನಮ್ಮಣ್ಣ. ಅವನಿಗೆ ಫೋನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಸ್ಕ್ರೀನ್‌ಶಾಟ್ ಯಾರಿಗೂ ಕಳಿಸ್ಬೇಡ" ಅಂದ. ಕ್ಷಮಿಸಣ್ಣ, ಈಗ ಎಲ್ಲರಿಗೂ ಗೊತ್ತಾಯ್ತು.

ಹಗುರ ಚಕ್ರದ ಲೋಕದಲ್ಲಿ ಎಲ್ರೂ ಮೊದಲು ಹೇಳೋ ಹೆಸರು ಜಪಾನಿನ ರೇಸ್ ಕಂಪನಿಯ ಟಿಇ37. 1996ರಲ್ಲಿ ಬಂದಿದ್ದು, ಫೋರ್ಜ್ಡ್. ಆ 37 ಅನ್ನೋದು ತೂಕ: ಹದಿನೈದು ಇಂಚು, ಆರು ಇಂಚು ಅಗಲದ ಅಳತೆಯಲ್ಲಿ 3.7 ಕೆಜಿ. ಅದರ ಆರು ಕಡ್ಡಿ ಡಿಸೈನನ್ನ ಕಾಪಿ ಹೊಡೆದವರು ಲೆಕ್ಕವಿಲ್ಲ. ನಮ್ಮದೂ ಅದರ ಒಂದು ಕಾಪಿ. ಮುಖ ಕಾಪಿ ಮಾಡೋದು ಸುಲಭ, ಮಾಡೋ ವಿಧಾನ ಕಾಪಿ ಮಾಡೋದು ಕಷ್ಟ. ಹಾಗಾಗಿ ಡಿಸೈನ್ ಅದೇ ಬಂತು, ತೂಕ ಮೂರು ಪಟ್ಟಿನ ಹತ್ರ ಹೋಯ್ತು.

ಅಲ್ಲಿಗೆ ಮೊದಲ ತೀರ್ಮಾನ ಆಯ್ತು. ಹದಿನೇಳು ಬೇಡ, ಹದಿನೈದೇ ಸಾಕು. ಬ್ರೇಕ್ ಒಳಗೆ ಕೂತ್ರೆ ಸಣ್ಣ ಚಕ್ರವೇ ಹಗುರ, ಅದರ ಟೈರೂ ಅಗ್ಗ. ನೋಡೋಕೆ ದೊಡ್ಡದು ಚೆಂದ, ಒಪ್ಪುತ್ತೀನಿ. ಆದ್ರೆ ಟ್ರ್ಯಾಕಲ್ಲಿ ನೋಡೋಕೆ ಯಾರು ನಿಂತಿರ್ತಾರೆ?

7/10

ಸೇವ್ ಮಾಡ್ಕೊಳ್ಳೋ ಪೋಸ್ಟ್ ಇದು. ಕಸ್ಟಮ್ ವೀಲ್ ಮಾಡಿಸೋಕೆ ಅಥವಾ ರೆಡಿ ತಗೊಳ್ಳೋಕೆ, ಎರಡಕ್ಕೂ ಈ ಅಳತೆ ಬೇಕೇ ಬೇಕು.

ಬೋಲ್ಟ್ ಪ್ಯಾಟರ್ನ್: ಈ ಪೋಲೊಗೆ ಐದು ಬೋಲ್ಟ್, 100 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿ.

ನಡುವಿನ ತೂತು: 57.1 ಮಿಮೀ. ಹೊಸ ವೀಲಿನ ತೂತು ದೊಡ್ಡದಿದ್ರೆ ಸರಿಯಾದ ಅಳತೆಯ ರಿಂಗ್ ಹಾಕಬೇಕು, ಇಲ್ಲಾಂದ್ರೆ ನಡು ತಪ್ಪಿ ಸ್ಟೀರಿಂಗ್ ನಡುಗುತ್ತೆ. ಕಸ್ಟಮ್ ಮಾಡಿಸೋದಾದ್ರೆ ಇದೇ ಅಳತೆಗೆ ಕೊರೆಸಬಹುದು.

ಆಫ್‌ಸೆಟ್: ವೀಲ್ ಹಬ್ಬಿಗೆ ಕೂರೋ ಮುಖ, ಅಗಲದ ಮಧ್ಯದಿಂದ ಎಷ್ಟು ಹೊರಗಿದೆ ಅನ್ನೋದು. ಆರು ಇಂಚಿಂದ ಏಳು ಇಂಚು ಅಗಲಕ್ಕೆ ಹೋದ್ರೆ ಒಳಗೂ ಹೊರಗೂ 12.7 ಮಿಮೀ ಬೆಳೆಯುತ್ತೆ. ಆಫ್‌ಸೆಟ್ 40ರಿಂದ 38ಕ್ಕೆ ಇಳಿಸಿದ್ರೆ ಎರಡು ಮಿಮೀ ಹೊರಗೆ ಸರಿಯುತ್ತೆ. ಅಂದ್ರೆ ಒಳಗೆ 10.7, ಹೊರಗೆ 14.7. ಸಸ್ಪೆನ್ಷನ್‌ಗೆ ತಾಗಲ್ಲ, ಫೆಂಡರ್‌ಗೂ ತಾಗಲ್ಲ ಅಂತ ಅಳೆದು ನೋಡಿ.

ಬೋಲ್ಟಿನ ತಲೆ: ಇದನ್ನ ತುಂಬ ಜನ ಮರೀತಾರೆ. ಫೋಕ್ಸ್‌ವ್ಯಾಗನ್ ಮೂಲ ಬೋಲ್ಟಿನ ಕೂರೋ ಭಾಗ ಗುಂಡಗೆ, ಚೆಂಡಿನ ಥರ. ಹೊರಗಿನ ಅಲಾಯ್‌ಗಳದ್ದು ಸಾಮಾನ್ಯವಾಗಿ ಶಂಕುವಿನ ಆಕಾರ. ಒಂದರ ಬೋಲ್ಟ್ ಇನ್ನೊಂದಕ್ಕೆ ಹಾಕಿದ್ರೆ ಬಿಗಿಯಾದ ಹಾಗೆ ಕಾಣುತ್ತೆ, ಆಗಿರಲ್ಲ.

ಭಾರ ಹೊರೋ ಮಿತಿ: ಆಕ್ಸಲ್ ಮೇಲಿನ ಗರಿಷ್ಠ ಭಾರದ ಅರ್ಧಕ್ಕಿಂತ ಜಾಸ್ತಿ ಇರಬೇಕು. ವೀಲಿನ ಹಿಂಭಾಗದಲ್ಲಿ ಬರೆದಿರುತ್ತೆ. ಬರೆದಿಲ್ಲ ಅಂದ್ರೆ ಬೇಡ.

ಗುರುತು: ಜೆಡಬ್ಲ್ಯುಎಲ್ ಮತ್ತು ವಿಐಎ. ಜಪಾನಿನ ಮಾನದಂಡ. ಬಾಗಿಸಿ ತಿರುಗಿಸೋದು, ಭಾರ ಹಾಕಿ ಉರುಳಿಸೋದು, ಮೇಲಿಂದ ತೂಕ ಬೀಳಿಸೋದು, ಈ ಪರೀಕ್ಷೆಗಳು ಅದರ ಹಿಂದಿವೆ. ಗುರುತನ್ನೂ ಕಾಪಿ ಹೊಡೆಯೋರಿದ್ದಾರೆ, ಅದಕ್ಕೆ ಬಿಲ್ ಕೊಡೋ ಕಡೆ ಮಾತ್ರ ತಗೊಳ್ಳಿ.

ಬ್ರೇಕ್ ಜಾಗ ಅಳೆಯೋಕೆ ಅಜ್ಜ ಮದುವೆ ಕಾರ್ಡಿನ ದಪ್ಪ ರಟ್ಟು ಕತ್ತರಿಸಿ, ಕ್ಯಾಲಿಪರ್ ಸುತ್ತ ಹಿಡಿದು ಟೆಂಪ್ಲೇಟ್ ಮಾಡಿಕೊಟ್ರು. ಎಂಬತ್ತರ ಹತ್ರದ ಕೈ, ಕತ್ತರಿ ಹಿಡಿದ್ರೆ ನಡುಗುತ್ತೆ. ಗೆರೆ ಮಾತ್ರ ಒಂಚೂರೂ ಆಚೀಚೆ ಹೋಗಿಲ್ಲ.

8/10

ಕೊನೆಗೆ ಉಳಿದದ್ದು ಎರಡು ಆಯ್ಕೆ. ಎರಡೂ ಹದಿನೈದು ಇಂಚು, ಏಳು ಇಂಚು ಅಗಲ.

ಒಂದು, ರೆಡಿ ಸಿಗೋ ಫ್ಲೋ ಫಾರ್ಮ್ಡ್ ಸೆಟ್. ಅಣ್ಣ ಅಂಗಡಿಗೇ ತಕ್ಕಡಿ ತಗೊಂಡು ಹೋಗಿ ತೂಗಿದ, 6.1 ಕೆಜಿ. ನಾಲ್ಕಕ್ಕೆ ₹58,000.
ಎರಡು, ನಮ್ಮ ಅಳತೆಗೇ ಮಾಡಿಕೊಡೋ ಫೋರ್ಜ್ಡ್, 6061-ಟಿ6 ಅಲ್ಯೂಮಿನಿಯಂ. ಡ್ರಾಯಿಂಗ್ ಪ್ರಕಾರ 5.2 ಕೆಜಿ. ನಾಲ್ಕಕ್ಕೆ ₹1,92,000.

ಮೂಲಕ್ಕಿಂತ ಮೊದಲನೇದರಲ್ಲಿ ಉಳಿಯೋದು 7.2 ಕೆಜಿ, ಕೆಜಿಗೆ ಸುಮಾರು ₹8,050. ಎರಡನೇದರಲ್ಲಿ 10.8 ಕೆಜಿ, ಕೆಜಿಗೆ ಸುಮಾರು ₹17,800. ಸರಾಸರಿ ನೋಡಿದ್ರೆ ಎರಡು ಪಟ್ಟು ಅಷ್ಟೇ ಅನ್ಸುತ್ತೆ. ಆದ್ರೆ ಕಾಸ್ಟಿಂಗ್ ಕ್ಲಾಸಲ್ಲಿ ಮೇಡಂ ತಲೆ ಮೇಲೆ ಕುಟ್ಟಿ ಕಲಿಸಿದ್ದು ಮಾರ್ಜಿನಲ್ ಕಾಸ್ಟ್. ಮೊದಲನೇದರಿಂದ ಎರಡನೇದಕ್ಕೆ ಹೋಗೋಕೆ ಕೊಡೋ ಹೆಚ್ಚಿನ ದುಡ್ಡು ₹1,34,000, ಸಿಗೋ ಹೆಚ್ಚಿನ ಲಾಭ 3.6 ಕೆಜಿ. ಅಂದ್ರೆ ಆ ಕೊನೆಯ ಒಂದೊಂದು ಕೆಜಿಗೆ ₹37,000 ದಾಟುತ್ತೆ. ಡ್ರೈವರ್ ಸೇರಿ 1,180 ಕೆಜಿ ಹತ್ರ ಇರೋ ಕಾರಲ್ಲಿ, 1.4 ಪಟ್ಟು ಲೆಕ್ಕ ಹಿಡಿದ್ರೂ ಇಡೀ ಫೋರ್ಜ್ಡ್ ಸೆಟ್ಟಿನ ಪರಿಣಾಮ 1.3 ಪರ್ಸೆಂಟ್, ಫ್ಲೋ ಫಾರ್ಮ್ಡ್ ಸೆಟ್ಟಿನದು 0.9.

ಎಕ್ಸೆಲ್ ಮುಗೀತು. ಕಳಿಸೋಕೆ ಆಗ್ಲಿಲ್ಲ.

ಯಾಕಂದ್ರೆ ಒಂದು ವಿಷಯ ನಿಮಗೆ ಹೇಳಿಲ್ಲ. ಡಿಗ್ರಿ ಮುಗಿದ ಮೇಲೆ ನನಗೆ ಸಿಎ ಇಂಟರ್ ಕೋಚಿಂಗಿಗೆ ಬೆಂಗಳೂರಿಗೆ ಹೋಗಬೇಕು. ಫೀಸು, ಪಿಜಿ ಎಲ್ಲ ಸೇರಿ ದೊಡ್ಡ ಮೊತ್ತ. ಅಪ್ಪನ ಹತ್ರ ಕೇಳೋಕೆ ಇನ್ನೂ ಬಾಯಿ ಬಂದಿಲ್ಲ. ಅಣ್ಣ ಅಗ್ಗದ ಸೆಟ್ ತಗೊಂಡ್ರೆ ಉಳಿಯೋ ದುಡ್ಡು ಯಾವ ಕಡೆ ಬರಬಹುದು ಅಂತ ನನಗೆ ಗೊತ್ತಿತ್ತು. ಲೆಕ್ಕ ಬರೆಯೋಳಿಗೇ ಲೆಕ್ಕದಲ್ಲಿ ಲಾಭ ಇತ್ತು. ಆಡಿಟಿಂಗ್ ಪೇಪರಲ್ಲಿ ಇದರ ಬಗ್ಗೆ ಒಂದು ಇಡೀ ಅಧ್ಯಾಯ ಓದಿ ಹತ್ತು ಮಾರ್ಕ್ಸ್ ತಗೊಂಡಿದ್ದೆ!

9/10

ಎರಡು ದಿನ ಆದ ಮೇಲೆ ಶೀಟಿನ ಕೆಳಗೆ ಒಂದು ಸಾಲು ಸೇರಿಸಿದೆ: "ಇದನ್ನ ಬರೆದವಳಿಗೆ ನೀನು ಅಗ್ಗದ್ದು ತಗೊಳ್ಳಲಿ ಅಂತ ಆಸೆ ಇದೆ. ಕಾರಣ ಸಿಎ ಫೀಸ್. ಹಾಗಾಗಿ ಲೆಕ್ಕ ಇನ್ನೊಂದು ಸಲ ನೀನೇ ಚೆಕ್ ಮಾಡು." ಅದರ ಕೆಳಗೆ ಫೋರ್ಜ್ಡ್ ಪರವಾಗಿ ಇರೋ ಮಾತನ್ನೂ ಬರೆದೆ, ಬಿಡ್ಲಿಲ್ಲ. ಗುಂಡಿಗೆ ಬಿದ್ದಾಗ ಅದು ಸಾಮಾನ್ಯವಾಗಿ ಬಾಗುತ್ತೆ, ಎರಕದ್ದು ಒಡೆಯೋ ಸಾಧ್ಯತೆ ಜಾಸ್ತಿ. ನಡು ತೂತು, ಆಫ್‌ಸೆಟ್ ಎಲ್ಲ ನಮ್ಮ ಅಳತೆಗೇ ಬರುತ್ತೆ. ವರ್ಷಕ್ಕೆ ಇಪ್ಪತ್ತು ಸಲ ಟ್ರ್ಯಾಕಿಗೆ ಹೋಗೋನಾಗಿದ್ರೆ ನಾನೇ ಅದನ್ನ ತಗೋ ಅಂತಿದ್ದೆ.

ಅಣ್ಣ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. "ಲೆಕ್ಕ ಸರಿ ಇದೆ. ನಿನ್ನ ಫೀಸ್ ಬೇರೆ, ಇದು ಬೇರೆ. ಎರಡನ್ನೂ ಒಂದೇ ಶೀಟಲ್ಲಿ ಹಾಕ್ಬೇಡ." ಆಮೇಲೆ ಸ್ವಲ್ಪ ತಡೆದು, "ಫೀಸ್ ವಿಷ್ಯ ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?" ಅಂದ. ನಾನು ಫೋನ್ ಅಮ್ಮನಿಗೆ ಕೊಟ್ಟೆ.

ತಗೊಂಡಿದ್ದು ಫ್ಲೋ ಫಾರ್ಮ್ಡ್. ಜೊತೆಗೆ ಒಳ್ಳೆ ಹಿಡಿತದ 195/55 ಆರ್15 ಟೈರ್, ಹೊಸ ಬ್ರೇಕ್ ಫ್ಲೂಯಿಡ್, ಶಂಕು ಆಕಾರದ ಹೊಸ ಬೋಲ್ಟ್. ಟೈರ್ ವ್ಯಾಸ 603ರಿಂದ 596 ಮಿಮೀ ಹತ್ರ ಇಳೀತು, ಸ್ಪೀಡೋಮೀಟರ್ ಒಂದು ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿ ತೋರಿಸುತ್ತೆ ಅಷ್ಟೇ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿದ್ವಿ. ನೆನಪಿರಲಿ, ಮಾಮೂಲಿ ಕಾರ್ ಪಾಲಿಸಿ ರೇಸ್, ಸ್ಪೀಡ್ ಟೆಸ್ಟಿಗೆಲ್ಲ ಅನ್ವಯ ಆಗಲ್ಲ. ಟ್ರ್ಯಾಕಲ್ಲಿ ಏನಾದ್ರೂ ಆದ್ರೆ ಖರ್ಚು ನಮ್ಮದೇ.

ಮುಂದಿನ ಸಲ ಕೊಯಮತ್ತೂರಿಗೆ ಅಪ್ಪನೂ ಹೋದ್ರು, ಮೊದಲ ಸಲ. ಟಾರ್ಕ್ ರೆಂಚ್ ಕೈಲಿ ಹಿಡ್ಕೊಂಡು ಪ್ರತಿ ಬೋಲ್ಟ್ 120 ನ್ಯೂಟನ್ ಮೀಟರಿಗೆ ಬಿಗಿ ಮಾಡಿದ್ರಂತೆ. ಮೊದಲ ಸೆಷನ್ ಮುಗಿದು ತಣ್ಣಗಾದ ಮೇಲೆ ಮತ್ತೊಮ್ಮೆ. ಹಿಂದಿನ ಸಲಕ್ಕಿಂತ ಅಣ್ಣನ ಸುತ್ತು ಒಂದೂಕಾಲು ಸೆಕೆಂಡ್ ಕಮ್ಮಿ ಆಯ್ತು. ಅದರಲ್ಲಿ ಹೆಚ್ಚಿನ ಪಾಲು ಟೈರಿನದು ಅಂತ ಅವನೇ ಹೇಳ್ತಾನೆ. ಅಪ್ಪ ವಾಟ್ಸಾಪಲ್ಲಿ ಕಳಿಸಿದ್ದು ಸಮಯ ಅಲ್ಲ, ನಾಲ್ಕು ಚಕ್ರದ ಒಳಭಾಗದ ಫೋಟೊ. ಕೆಳಗೆ ಒಂದೇ ಪದ: "ಕ್ಲೀನ್."

10/10

ಈಗ ಮೊದಲನೇ ಫೋಟೊಗೆ ಬರೋಣ.

ಹಳೇ ಹದಿನೇಳು ಇಂಚಿನ ಸೆಟ್ ಮನೆ ಹಿಂದೆ ಬಿದ್ದಿತ್ತು. ಅಪ್ಪ ನಾಲ್ಕಕ್ಕೂ ಅದೇ ಕೆಂಪು ಟೆಸ್ಟ್ ಮಾಡಿದ್ರು. ಎರಡರಲ್ಲಿ ಗೆರೆ ಬಂತು, ಎರಡರಲ್ಲಿ ಬರ್ಲಿಲ್ಲ. ಆದ್ರೆ ಆ ಎರಡರಲ್ಲೂ ಒಳಗಡೆ ಹೊಸ ಬಣ್ಣ. ಅಣ್ಣನಿಗೆ ಒಬ್ಬರು ಆಗಲೇ ಮೆಸೇಜ್ ಮಾಡಿದ್ರು, "ಬ್ರೋ, ಸೆಟ್ ಕೊಡ್ತೀರಾ? ಶೋಗೆ ಅಷ್ಟೇ, ಟ್ರ್ಯಾಕಿಗೆ ಅಲ್ಲ." ನಲವತ್ತು ಸಾವಿರ ಕೊಡೋಕೆ ರೆಡಿ. ಸಿಎ ಫೀಸಿನ ಲೆಕ್ಕದಲ್ಲಿ ಅದು ದೊಡ್ಡ ಮೊತ್ತ, ನನ್ನ ಮನಸ್ಸು ಒಂದು ಕ್ಷಣ ಅತ್ತ ಹೋಗಿದ್ದು ಸುಳ್ಳಲ್ಲ.

ಅಜ್ಜ ಕೇಳಿದ್ರು, "ಅವರ ಕಾರಲ್ಲಿ ಎಷ್ಟು ಜನ ಕೂರ್ತಾರೆ?"

ಅಜ್ಜ ಕೆಲಸ ಮಾಡಿದ ಕಾರ್ಖಾನೆ 1923ರಲ್ಲಿ ಕಬ್ಬಿಣ ತಯಾರಿಸೋಕೆ ಶುರು ಮಾಡಿದ್ದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು. ನೂರು ವರ್ಷ ತುಂಬಿದ 2023ರಲ್ಲೇ ಅದನ್ನ ಮುಚ್ಚೋ ತೀರ್ಮಾನದ ಸುದ್ದಿ ಬಂದು ಊರೆಲ್ಲ ತಲೆ ಮೇಲೆ ಕೈ ಹೊತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಅಲ್ಲಿನ ಕಥೆ ಅಜ್ಜ ಎಷ್ಟೋ ಹೇಳ್ತಾರೆ. ಒಂದು ಮಾತ್ರ ಪದೇ ಪದೇ ಬರುತ್ತೆ: ಇನ್‌ಸ್ಪೆಕ್ಷನ್‌ನಲ್ಲಿ ರಿಜೆಕ್ಟ್ ಆದ ತುಂಡು ಮತ್ತೆ ಒಳ್ಳೇ ರಾಶಿಗೆ ಸೇರದ ಹಾಗೆ ನೋಡ್ಕೊಳ್ಳೋದು, ಒಳ್ಳೇದು ಮಾಡೋದಕ್ಕಿಂತ ದೊಡ್ಡ ಕೆಲಸ.

ಭಾನುವಾರ ಬೆಳಿಗ್ಗೆ ಅಪ್ಪ ಗ್ರೈಂಡರ್ ತಂದ್ರು. ನಾಲ್ಕನ್ನೂ ಎರಡೆರಡು ಹೋಳು. ಕಿಡಿ ಬರಲ್ಲ ಅಲ್ಯೂಮಿನಿಯಂಗೆ, ಬರೀ ಕಿವಿ ಕೊರೆಯೋ ಸದ್ದು. ಕತ್ತರಿಸಿದ ಮುಖದಲ್ಲಿ ಸಾಸಿವೆ ಕಾಳಿನಷ್ಟು ತೂತುಗಳು ಕಾಣ್ತಿದ್ವು. ಎರಡನೇ ಸ್ಲೈಡಲ್ಲಿ ಝೂಮ್ ಮಾಡಿ ನೋಡಿ.

ಗುಜರಿಯವರು ಬಂದು ಮೂಟೆಗೆ ತುಂಬ್ತಾ ಕೇಳಿದ್ರು, "ಎಂಥಾ ಮಾಲು! ಹಾಗೇ ಕೊಟ್ಟಿದ್ರೆ ಒಳ್ಳೇ ರೇಟ್ ಬರ್ತಿತ್ತಲ್ಲ ಸಾರ್, ಯಾಕೆ ಕಟ್ ಮಾಡಿದ್ರಿ?"

"ಅದಕ್ಕೇ ಕಟ್ ಮಾಡಿದ್ದು," ಅಂದ್ರು ಅಪ್ಪ.

41.6 ಕೆಜಿ ಇರಬೇಕಿತ್ತು. ಅವರ ತಕ್ಕಡಿಯಲ್ಲಿ 40 ಬಂತು. ನಾನು ಬಾಯಿ ತೆರೆಯೋಕೆ ಮುಂಚೆ ಅಜ್ಜ ಜಗಲಿಯಿಂದಲೇ ಕೂಗಿದ್ರು, "ತೂಕ ಎಲ್ಲಿ ಹೋಯ್ತು ಮಾರಾಯ?"

ನಿಮ್ಮ ಕಾರು, ಬೈಕಿನ ಅಲಾಯ್ ಯಾವತ್ತಾದ್ರೂ ರಿಪೇರಿ ಮಾಡಿಸಿದ್ದೀರಾ? ಈ ವಾರ ಒಂದ್ಸಲ ಒಳಭಾಗ ತೊಳೆದು ನೋಡಿ. ಹೊಸ ಬಣ್ಣ ಕಂಡ್ರೆ ಕಾಮೆಂಟಲ್ಲಿ ಹೇಳಿ, ಅಪ್ಪನ್ನ ಕೇಳಿ ಉತ್ತರ ಹಾಕ್ತೀನಿ.

#ಭದ್ರಾವತಿ #ಶಿವಮೊಗ್ಗ #ಅಲಾಯ್‌ವೀಲ್ #ಬಿಕಾಂಹುಡುಗಿಯಲೆಕ್ಕ